ಕಾಡುಕೋಳಿಯ ಕೊರಳಿನಿಂದ ಸ್ಕಾಟ್ಲೆಂಡಿನ ಹೊಳೆಗೆ

ಬೆಳಗಿನ ಜಾವ ತೋಟದಂಚಿನ ಕಾಡಿನಿಂದ ಕೇಳಿಬರುವ ಕಾಡುಕೋಳಿ ಹುಂಜದ ತುಂಡುತುಂಡು ಕೂಗು ಮಲೆನಾಡಿನವರಿಗೆಲ್ಲ ಪರಿಚಿತ. ಹಕ್ಕಿ ಮಾತ್ರ ಕಣ್ಣಿಗೆ ಬಿದ್ದ ಗಳಿಗೆಯಲ್ಲೇ ಲಂಟಾನದೊಳಗೆ ನುಗ್ಗಿ ಮಾಯವಾಗುತ್ತದೆ. ಅದರ ಕೊರಳಿನ ಗರಿಯೊಂದು ನನಗೆ ಸಿಕ್ಕಿದ್ದು ಚಿಕ್ಕವನಿದ್ದಾಗ, ಜಡಿಮಳೆಯ ಒಂದು ದಿನ, ಹಳ್ಳದ ದಾರಿಯಲ್ಲಿ. ಗರಿ ಬೂದು ಕಪ್ಪು. ನಡುವಿನ ದಂಟು ತುದಿಯತ್ತ ಹೋಗುತ್ತ ಅಗಲವಾಗಿ, ಚಪ್ಪಟೆಯಾಗಿ ಒಂದು ಬಿಳಿಯ ಬೊಟ್ಟಾಗಿತ್ತು. ಅದರಾಚೆ ಮೇಣದಂಥ ಹಳದಿಯ ಇನ್ನೊಂದು ಬೊಟ್ಟು. ಚನ್ನಪಟ್ಟಣದ ಗೊಂಬೆಗೆ ಅರಗಿನ ಬಣ್ಣ ಹಚ್ಚಿದ ಹಾಗೆ ನುಣುಪು. ಉಗುರಿನಿಂದ ಕೆರೆದರೂ ಏಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅದೇ ಬೊಟ್ಟನ್ನು ಒಂದು ಪುಸ್ತಕದ ಚಿತ್ರದಲ್ಲಿ ಕಂಡೆ. ಸ್ಕಾಟ್ಲೆಂಡಿನ ಹೊಳೆಗಳಲ್ಲಿ ಸಾಲ್ಮನ್ ಹಿಡಿಯಲು ಕಟ್ಟಿದ ಗಾಳದ ಕೊಕ್ಕೆ ಅದು. ಹತ್ತಾರು ಬಣ್ಣದ ಗರಿಗಳ ನಡುವೆ, ಎರಡೂ ಪಕ್ಕದಲ್ಲಿ ಕಣ್ಣಿನಂತೆ ನಮ್ಮ ಕಾಡುಕೋಳಿಯ ಬೊಟ್ಟು. ಪಶ್ಚಿಮ ಘಟ್ಟದ ಹಕ್ಕಿ ಅಷ್ಟು ದೂರದ ತಣ್ಣೀರಿಗೆ ಹೋದದ್ದು ಹೇಗೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ.

ಗಾಳ ನಮಗೂ ಹೊಸದಲ್ಲ. ಎರೆಹುಳು ಚುಚ್ಚಿ, ಬೆಂಡು ಕಟ್ಟಿ, ಹೊಳೆದಂಡೆಯಲ್ಲಿ ಕಾಯುವುದು ನಮ್ಮ ಪದ್ಧತಿ. ಕಾವೇರಿಯ ಮಹಶೀರ್ ಮೀನಿಗಾದರೆ ರಾಗಿ ಹಿಟ್ಟಿನ ಉಂಡೆ. ತೇಜಸ್ವಿಯವರ ಗಾಳದ ಹುಚ್ಚನ್ನು ಅವರ ಓದುಗರೆಲ್ಲ ಬಲ್ಲರು. ಫ್ಲೈ ಫಿಶಿಂಗ್ ಇದರಿಂದ ಬೇರೆ. ಅಲ್ಲಿ ಮೀನಿಗೆ ತಿನ್ನುವಂಥದ್ದು ಏನನ್ನೂ ಒಡ್ಡುವುದಿಲ್ಲ. ಕೊಕ್ಕೆಯ ಮೇಲೆ ದಾರ, ಉಣ್ಣೆ, ಗರಿ ಸುತ್ತಿ ಒಂದು ಹುಸಿನೊಣವನ್ನು ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲದ ಕಾರಣ ಎಸೆದರೆ ದೂರ ಹೋಗದು. ಹಾಗಾಗಿ ತೂಕವನ್ನು ದಾರಕ್ಕೆ ಕೊಡುತ್ತಾರೆ. ಮೊದಲು ಕುದುರೆ ಕೂದಲಿನ ಹುರಿ, ಆಮೇಲೆ ಎಣ್ಣೆ ಕುಡಿಸಿದ ರೇಷ್ಮೆ, ಈಗ ಪ್ಲಾಸ್ಟಿಕ್ ಲೇಪಿಸಿದ ದಾರ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರ ತಲೆಯ ಮೇಲೆ ಬಿಚ್ಚಿಕೊಂಡು ಹೋಗಿ, ತುದಿಯ ನೊಣವನ್ನು ನೀರಿನ ಮೇಲೆ ಸದ್ದಿಲ್ಲದೆ ಇಳಿಸುತ್ತದೆ.

ಈ ವಿದ್ಯೆಯ ಅತಿ ಹಳೆಯ ವರ್ಣನೆಗಳಲ್ಲಿ ಒಂದು ಸಿಗುವುದು ರೋಮಿನ ಲೇಖಕ ಏಲಿಯನ್‌ನಲ್ಲಿ, ಸುಮಾರು ಕ್ರಿ.ಶ. 200ರಲ್ಲಿ. ಮ್ಯಾಸಿಡೋನಿಯಾದ ಅಸ್ಟ್ರೇಯಸ್ ಹೊಳೆಯಲ್ಲಿ ಮೀನು ನೀರಿನ ಮೇಲೆ ಹಾರುವ ಒಂದು ಹುಳುವನ್ನು ಹಿಡಿದು ತಿನ್ನುತ್ತಿತ್ತು. ಆ ಹುಳುವನ್ನು ಮುಟ್ಟಿದರೆ ಬಣ್ಣ ಕೆಡುತ್ತದೆ, ಕೊಕ್ಕೆಗೆ ಚುಚ್ಚಲಾಗದು. ಅಲ್ಲಿನವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಜೋಲಿನ ಕೆಳಗೆ ಬೆಳೆಯುವ ಎರಡು ಗರಿಗಳನ್ನು ಸೇರಿಸಿದರು. ಹುಂಜದ ಗರಿಯ ಎಳೆಗಳು ಬಿರುಸು. ನೀರಿನ ಮೇಲೆ ಸಣ್ಣ ಕಾಲುಗಳಂತೆ ಊರಿ ನಿಲ್ಲುತ್ತವೆ. ಹೇಟೆಯ ಗರಿ ಮೆತ್ತಗೆ, ನೆನೆದು ಮುಳುಗುತ್ತದೆ. ಸಾವಿರದ ಎಂಟುನೂರು ವರ್ಷ ಕಳೆದರೂ ಈ ಕಸುಬು ನಿಂತಿರುವುದು ಹುಂಜದ ಕೊರಳಿನ ಮೇಲೆಯೇ.

ಇಂಗ್ಲೆಂಡಿನಲ್ಲಿ 1496ರಲ್ಲಿ ವಿಂಕಿನ್ ಡಿ ವರ್ಡ್ ಅಚ್ಚು ಹಾಕಿದ ಗಾಳದ ಪುಸ್ತಕವೊಂದರಲ್ಲಿ ಹನ್ನೆರಡು ನೊಣಗಳನ್ನು ಕಟ್ಟುವ ಕ್ರಮವಿದೆ. ಬರೆದವಳು ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಎಂಬುದು ಪ್ರತೀತಿ. 1836ರಲ್ಲಿ ಆಲ್ಫ್ರೆಡ್ ರೊನಾಲ್ಡ್ಸ್ ಹೊಳೆಯ ಹುಳುಗಳನ್ನೂ ಅವುಗಳ ಹುಸಿರೂಪಗಳನ್ನೂ ಅಕ್ಕಪಕ್ಕ ಬರೆದು ತೋರಿಸಿದ. ನೊಣ ತೇಲಬೇಕೋ ಮುಳುಗಬೇಕೋ ಎಂಬುದು ಮುಂದೆ ತೇಲಿಸುವ ಪಕ್ಷದ ಹ್ಯಾಲ್ಫರ್ಡ್ ಮತ್ತು ಮುಳುಗಿಸುವ ಪಕ್ಷದ ಸ್ಕ್ಯೂಸ್ ಅವರ ಅನುಯಾಯಿಗಳ ನಡುವೆ ದೊಡ್ಡ ವಾಗ್ವಾದವಾಗಿ, 1938ರಲ್ಲಿ ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್ಬಿನ ಬಹಿರಂಗ ಚರ್ಚೆಯವರೆಗೂ ಹೋಯಿತು. ಇದೆಲ್ಲ ಟ್ರೌಟ್ ಮೀನಿನ ಕತೆ. ಅದಕ್ಕೆ ಬೇಕಾದದ್ದು ಹೊಳೆಯ ಹುಳುವಿನ ನಕಲು, ಕಂದು ಬೂದಿಯ ಸಾದಾ ಬಣ್ಣ.

ಸಾಲ್ಮನ್ ಕತೆಯೇ ಬೇರೆ. ಅಟ್ಲಾಂಟಿಕ್ ಸಾಲ್ಮನ್ ಕಡಲಿನಲ್ಲಿ ಮೇದು ಬೆಳೆದು, ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೆ ಮರಳುತ್ತದೆ. ಹೊಳೆಗೆ ಬಂದ ಮೇಲೆ ಅದು ಆಹಾರ ಮುಟ್ಟುವುದಿಲ್ಲ. ಕೂಡಿಟ್ಟ ಕೊಬ್ಬಿನಲ್ಲೇ ಪ್ರವಾಹದ ಎದುರು ಈಜುತ್ತದೆ. ಉಪವಾಸದ ಮೀನಿಗೆ ಯಾವ ಹುಳುವಿನ ನಕಲು ಒಡ್ಡಬೇಕು? ಆದರೂ ಅದು ಆಗಾಗ ಕೊಕ್ಕೆಗೆ ಬಾಯಿ ಹಾಕುತ್ತದೆ. ಸಿಟ್ಟಿನಿಂದಲೋ, ಎಳವೆಯ ಅಭ್ಯಾಸದಿಂದಲೋ, ವಾದ ಇಂದಿಗೂ ಮುಗಿದಿಲ್ಲ. ನಕಲಿನ ಹಂಗು ತಪ್ಪಿದ್ದೇ ತಡ, ಕಟ್ಟುವವರ ಕಲ್ಪನೆ ಹರಿದದ್ದೇ ದಾರಿಯಾಯಿತು. ಲಂಡನ್ನಿನಲ್ಲಿ ನೆಲೆಸಿದ್ದ ಐರಿಷ್ ಕಸುಬುದಾರ ವಿಲಿಯಂ ಬ್ಲ್ಯಾಕರ್ 1840ರ ದಶಕದಲ್ಲಿ ಝಗಮಗಿಸುವ ನೊಣಗಳನ್ನು ಕಟ್ಟಿ, ಆ ಬಗ್ಗೆ ಪುಸ್ತಕವನ್ನೂ ಬರೆದ. 1895ರಲ್ಲಿ ಜಾರ್ಜ್ ಕೆಲ್ಸನ್ 'ದಿ ಸಾಲ್ಮನ್ ಫ್ಲೈ' ಪ್ರಕಟಿಸುವ ಹೊತ್ತಿಗೆ ಇದು ಕಟ್ಟುನಿಟ್ಟಿನ ಶಾಸ್ತ್ರವೇ ಆಗಿತ್ತು.

ಈ ಕಾಲದ ಅತ್ಯಂತ ಹೆಸರಾಂತ ನೊಣ 'ಜಾಕ್ ಸ್ಕಾಟ್'. ಲಾರ್ಡ್ ಜಾನ್ ಸ್ಕಾಟ್ ಎಂಬ ಶ್ರೀಮಂತನ ಬಳಿ ಮೀನುಬೇಟೆಯ ಆಳಾಗಿದ್ದವನು ಅದನ್ನು ಮೊದಲು ಕಟ್ಟಿದ, ಹೆಸರೂ ಆ ಆಳಿನದೇ. ಬೆರಳುದ್ದದ ಆ ಕೊಕ್ಕೆಯ ಮೇಲೆ ಚೀನಾ ಮೂಲದ ಗೋಲ್ಡನ್ ಫೆಸೆಂಟಿನ ಜುಟ್ಟು, ದಕ್ಷಿಣ ಅಮೆರಿಕದ ಟೂಕನ್ ಮತ್ತು ಮಕಾವ್, ಆಫ್ರಿಕದ ಉಷ್ಟ್ರಪಕ್ಷಿ, ನಮ್ಮ ನವಿಲು, ಪಕ್ಕಗಳಲ್ಲಿ ನಮ್ಮ ಕಾಡುಕೋಳಿ. ನೊಣ ಕಟ್ಟುವವರ ಪಟ್ಟಿಗಳಲ್ಲಿ 'ಇಂಡಿಯನ್ ಕ್ರೋ' ಎಂಬ ಕೆಂಪು ಗರಿಯೂ ಬರುತ್ತದೆ. ಆ ಹಕ್ಕಿ ಇಂಡಿಯಾದ್ದೂ ಅಲ್ಲ, ಕಾಗೆಯೂ ಅಲ್ಲ, ದಕ್ಷಿಣ ಅಮೆರಿಕದ ಕಾಡಿನದು. ನಿಜವಾಗಿ ಇಂಡಿಯಾದ ಹಕ್ಕಿಗೆ ಇವರಿಟ್ಟ ಹೆಸರು 'ಜಂಗಲ್ ಕಾಕ್'.

ಇಷ್ಟು ದೇಶಗಳ ಗರಿ ಒಂದೇ ಮೇಜಿಗೆ ಬಂದದ್ದು ಹಡಗಿನಲ್ಲಿ, ಸಾಮ್ರಾಜ್ಯದ ದಾರಿಯಲ್ಲಿ. ಲಂಡನ್ನಿನ ಮಿನ್ಸಿಂಗ್ ಲೇನ್‌ನಲ್ಲಿ ಹಕ್ಕಿಗಳ ತೊಗಲು, ಗರಿಗಳ ಹರಾಜು ನಡೆಯುತ್ತಿತ್ತು. ದೊಡ್ಡ ಗಿರಾಕಿಗಳು ಹೆಂಗಸರ ಟೋಪಿ ಮಾಡುವವರು. ಮೀನುಬೇಟೆಯವರಿಗೆ ಸೇರುತ್ತಿದ್ದುದು ಅದರ ಚೂರುಪಾರು. ಹಾಗೆಂದು ಅವರ ಪಾಲಿನ ಹೊಣೆ ಇಲ್ಲವಾಗುವುದಿಲ್ಲ. ಕಾಡುಕೋಳಿಯ ಕೊರಳಿನ ತೊಗಲನ್ನು ಇಡಿಯಾಗಿ ಸುಲಿದು ಒಣಗಿಸಿ ಮಾರುತ್ತಿದ್ದರು. ಅಂದರೆ ಒಂದೊಂದು ತೊಗಲಿಗೂ ಒಂದೊಂದು ಹುಂಜ ಸತ್ತಿತ್ತು.

ಇದನ್ನು ವಿರೋಧಿಸಿ ಎದ್ದವರಲ್ಲಿ ಮುಂದೆ ನಿಂತವರು ಹೆಂಗಸರೇ. 1889ರಲ್ಲಿ ಎಮಿಲಿ ವಿಲಿಯಂಸನ್ ಮ್ಯಾಂಚೆಸ್ಟರಿನ ಮನೆಯೊಂದರಲ್ಲಿ ಕಟ್ಟಿದ ಗುಂಪು ಮುಂದೆ ಬ್ರಿಟನ್ನಿನ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆಯಾಗಿ ಬೆಳೆಯಿತು. 1902ರಲ್ಲಿ ಇಂಡಿಯಾ ಸರ್ಕಾರ ಕಾಡು ಹಕ್ಕಿಗಳ ತೊಗಲು, ಗರಿಗಳ ರಫ್ತನ್ನು ನಿಷೇಧಿಸಿತು. ಬ್ರಿಟನ್ ತನ್ನ ಆಮದು ನಿಷೇಧದ ಕಾನೂನು ಮಾಡಿದ್ದು 1921ರಲ್ಲಿ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕಾಡುಕೋಳಿಯನ್ನು ಕೊಲ್ಲುವುದೂ ಮಾರುವುದೂ ಅಪರಾಧ.

ನಮ್ಮ ನೆಲಕ್ಕೂ ಈ ಹವ್ಯಾಸಕ್ಕೂ ಇನ್ನೊಂದು ನಂಟಿದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ, ಮುಂದೆ ಕಿಟೆಲ್ಲರ ನಿಘಂಟು ಅಚ್ಚಾದ ಅದೇ ಊರಿನಲ್ಲಿ. ಮಹಶೀರ್ ಬೇಟೆಗೆ ಬರುವ ಬ್ರಿಟಿಷರಿಗೆ ಅದು ದಶಕಗಳ ಕಾಲ ಕೈಪಿಡಿಯಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಸಾದಾ ನೊಣಗಳಿಂದಲೂ ಸಾಲ್ಮನ್ ಚೆನ್ನಾಗಿಯೇ ಸಿಗುತ್ತದೆ ಎಂಬುದು ಖಾತ್ರಿಯಾಗಿ, ಗರಿಗಳ ವೈಭವ ಹಿಂದೆ ಸರಿಯಿತು. ಆದರೆ ಆ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕ, ಯುರೋಪುಗಳ ಹವ್ಯಾಸಿಗಳು ವಿಕ್ಟೋರಿಯಾ ಕಾಲದ ಪುಸ್ತಕಗಳನ್ನು ಮತ್ತೆ ತೆರೆದರು. ಇವರಲ್ಲಿ ಕೆಲವರು ನೀರಿಗೆ ಗಾಳ ಬಿಟ್ಟವರೇ ಅಲ್ಲ. ಅವರು ಕಟ್ಟುವ ನೊಣ ಹೋಗುವುದು ಗಾಜಿನ ಚೌಕಟ್ಟಿಗೆ. ಕೊಕ್ಕೆಗೆ ಕಣ್ಣಿಲ್ಲದಿದ್ದ ಕಾಲದಲ್ಲಿ ರೇಷ್ಮೆಹುಳುವಿನ ಗ್ರಂಥಿಯಿಂದ ಎಳೆದ ದಾರವನ್ನು ಹೊಸೆದು ಕುಣಿಕೆ ಮಾಡುತ್ತಿದ್ದರು; ಅದನ್ನೂ ಇವರು ಹಾಗೆಯೇ ಮಾಡುತ್ತಾರೆ. ಭೂತಗನ್ನಡಿಯ ಕೆಳಗೆ, ಒಂದು ನೊಣಕ್ಕೆ ಹತ್ತಿಪ್ಪತ್ತು ಗಂಟೆ ಕೂರುತ್ತಾರೆ. ಆ ತಾಳ್ಮೆಯ ಬಗ್ಗೆ ನನಗೆ ನಿಜವಾದ ಗೌರವವಿದೆ.

ಆದರೆ ಹಳೆಯ ಪುಸ್ತಕ ಹೇಳಿದ ಹಕ್ಕಿಯದೇ ಗರಿ ಬೇಕೆಂಬ ಹಟ ಎಲ್ಲಿಗೆ ಮುಟ್ಟಬಹುದು ಎಂಬುದು 2009ರ ಜೂನ್‌ನಲ್ಲಿ ಕಂಡಿತು. ಲಂಡನ್ನಿನಲ್ಲಿ ಸಂಗೀತ ಕಲಿಯುತ್ತಿದ್ದ, ನೊಣ ಕಟ್ಟುವುದರಲ್ಲಿ ಹೆಸರು ಮಾಡಿದ್ದ ಅಮೆರಿಕದ ಯುವಕನೊಬ್ಬ ರಾತ್ರಿ ಹೊತ್ತು ಟ್ರಿಂಗ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಕಿಟಕಿ ಒಡೆದು 299 ಹಕ್ಕಿಗಳ ತೊಗಲು ಕದ್ದ. ಅವುಗಳಲ್ಲಿ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ನೂರೈವತ್ತು ವರ್ಷಗಳ ಹಿಂದೆ ಮಲಯ ದ್ವೀಪಸಮೂಹದಲ್ಲಿ ಸಂಗ್ರಹಿಸಿದವೂ ಇದ್ದವು. ಗರಿಗಳು ಹವ್ಯಾಸಿಗಳಿಗೆ ಮಾರಾಟವಾದವು. ಮರಳಿ ಸಿಕ್ಕ ತೊಗಲುಗಳಲ್ಲೂ ಹಲವಕ್ಕೆ ಚೀಟಿ ಇರಲಿಲ್ಲ. ಎಲ್ಲಿ, ಎಂದು ಹಿಡಿದದ್ದು ಎಂದು ಹೇಳುವ ಚೀಟಿ ಹೋದರೆ ವಿಜ್ಞಾನಕ್ಕೆ ಆ ಹಕ್ಕಿ ಇನ್ನೊಮ್ಮೆ ಸತ್ತಂತೆ.

ದಾರಿ ಬೇರೆಯೂ ಇತ್ತು. ಅಮೆರಿಕದ ಓರೆಗಾನ್‌ನಲ್ಲಿ ಹೆನ್ರಿ ಹಾಫ್‌ಮನ್ ಎಂಬಾತ 1960ರ ದಶಕದಿಂದ ಊರುಕೋಳಿಗಳನ್ನು ಗರಿಗಾಗಿಯೇ ತಳಿ ಆಯ್ದು ಬೆಳೆಸಿದ. ಉದ್ದ, ಸಪೂರ, ಬಿರುಸಾದ ಕೊರಳ ಗರಿಯ ಆ ಹುಂಜಗಳನ್ನು 1989ರಲ್ಲಿ ಕೊಲರಾಡೊದ ಟಾಮ್ ವೈಟಿಂಗ್ ಕೊಂಡು ದೊಡ್ಡ ಸಾಕಣೆ ಕೇಂದ್ರ ಕಟ್ಟಿದ. ಇಂದು ಟ್ರೌಟ್ ನೊಣ ಕಟ್ಟುವವರು ಇಂಥ ಸಾಕಿದ ಹುಂಜದ ಗರಿಯನ್ನೇ ನೆಚ್ಚಿದ್ದಾರೆ. 2011ರಲ್ಲಿ ಅದೇ ಗರಿಗಳನ್ನು ಕೂದಲಿಗೆ ಸಿಕ್ಕಿಸಿಕೊಳ್ಳುವ ಷೋಕಿ ಹಬ್ಬಿ, ಗಾಳದ ಅಂಗಡಿಗಳಲ್ಲಿ ದಾಸ್ತಾನು ಬರಿದಾಗಿತ್ತು. ನಮ್ಮ ಕಾಡುಕೋಳಿಯನ್ನೂ ಬ್ರಿಟನ್ನಿನಲ್ಲಿ ಪಂಜರದಲ್ಲಿ ಸಾಕಿ ಮರಿ ಮಾಡುತ್ತಾರೆ. ಅಲ್ಲಿ ಕಾನೂನುಬದ್ಧವಾಗಿ ಸಿಗುವ ಜಂಗಲ್ ಕಾಕ್ ಗರಿ ಅವುಗಳದ್ದು. ಬೇರೆ ಗರಿಗೆ ಬಣ್ಣ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿ ಬೊಟ್ಟು ಮೂಡಿಸುವವರೂ ಇದ್ದಾರೆ. ಸಾಲ್ಮನ್ ಅವುಗಳಿಗೂ ಬಾಯಿ ಹಾಕುತ್ತದೆ. ಕಾಡಿನ ಹಕ್ಕಿಯನ್ನು ಕೊಲ್ಲದೆ ಈ ಕಲೆ ಪೂರ್ತಿಯಾಗಿ ಉಳಿಯಬಲ್ಲದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಊರುಕೋಳಿಗೂ ಕಾಡುಕೋಳಿಗೂ ರಕ್ತಸಂಬಂಧವಿದೆ. ಊರುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ಆದರೆ ಅದರ ಹಳದಿ ಕಾಲಿಗೆ ಕಾರಣವಾದ ಜೀನ್ ಬಂದದ್ದು ನಮ್ಮ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು.

ನಮ್ಮ ಕಡೆಯ ಕಾಡಂಚಿನಲ್ಲಿ ಕಾಡುಕೋಳಿಗೆ ಉರುಲು ಒಡ್ಡುವುದು ಇನ್ನೂ ನಿಂತಿಲ್ಲ, ಗರಿಗಾಗಿ ಅಲ್ಲ, ಮಾಂಸಕ್ಕಾಗಿ. ಉರುಲು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಹುಂಜ ಆ ಗರಿಗಳನ್ನು ಮಳೆಗಾಲದ ಹೊತ್ತಿಗೆ ತಾನೇ ಉದುರಿಸಿಕೊಂಡು ಕೆಲವು ತಿಂಗಳು ಮಂಕು ಬಣ್ಣದಲ್ಲಿ ಅಡಗಿ ತಿರುಗುತ್ತದೆ, ಆಮೇಲೆ ಹೊಸತು ಹುಟ್ಟುತ್ತವೆ. ನನಗೆ ಹಳ್ಳದ ದಾರಿಯಲ್ಲಿ ಸಿಕ್ಕಿದ್ದು ಹಾಗೆ ಉದುರಿದ ಗರಿ. ನಿಮಗೂ ಒಂದು ಸಿಕ್ಕರೆ, ಬಗ್ಗಿ ಕಣ್ತುಂಬ ನೋಡಿ, ಅಲ್ಲೇ ಬಿಟ್ಟು ಬನ್ನಿ.