ರಜೆಯ ನಾಲ್ಕು ದಿನ: ಕಡಲತೀರದ ಹಳ್ಳಿಯೋ, ಮಹಾನಗರವೋ?

ಏಪ್ರಿಲ್ ತಿಂಗಳು ಬಂತೆಂದರೆ ಚಿಕ್ಕರಸಿನಕೆರೆಯ ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಕೆಲವರು ಔಷಧಿಯ ಪೊಟ್ಟಣ ಕೈಗೆ ಬಂದ ಮೇಲೂ ಎದ್ದು ಹೋಗುವುದಿಲ್ಲ. “ಮಕ್ಕಳಿಗೆ ರಜ ಬಂತು ಡಾಕ್ಟ್ರೆ, ಎಲ್ಲಾದರೂ ಹೋಗ್ಬರಣ ಅಂತವೆ. ಅಪ್ಪನ್ನೂ ಕರ್ಕೊಂಡು ಹೋಗ್ಬೌದಾ?” ಎಂದು ಕೇಳುತ್ತಾರೆ. ಮನೆಯಲ್ಲಿ ಎರಡು ಪಕ್ಷಗಳಾಗಿರುತ್ತವೆ. ಒಂದು ಪಕ್ಷಕ್ಕೆ ಬೆಂಗಳೂರು ಬೇಕು, ಇನ್ನೊಂದಕ್ಕೆ ಸಮುದ್ರ ಬೇಕು.

ಇದು ಸಣ್ಣ ಪ್ರಶ್ನೆಯಲ್ಲ. ಕಬ್ಬಿನ ಕಟಾವು, ನಾಲೆಯ ನೀರಿನ ಸರದಿ, ಬೆಳಗು ಬೈಗು ಡೈರಿಗೆ ಹಾಲು ಹಾಕುವ ಕೆಲಸ ಇವುಗಳ ನಡುವೆ ಕಾಯಕಜೀವಿಗಳಾದ ನಮ್ಮ ಜನರಿಗೆ ನಾಲ್ಕು ದಿನದ ಬಿಡುವು ದೊರೆಯುವುದೇ ದುರ್ಲಭ. ದೊರೆತ ಬಿಡುವು ದೇಹಕ್ಕೂ ಮನಸ್ಸಿಗೂ ಹಿತವಾಗಬೇಕೇ ಹೊರತು ಹೊಸ ರೋಗವೊಂದನ್ನು ಮನೆಗೆ ತರಬಾರದು.

ನಮ್ಮಿಂದಾದ ಒಂದು ತಪ್ಪು

ಹಲವು ವರ್ಷಗಳ ಹಿಂದಿನ ಮಾತು. ತಮಕಶ್ವಾಸದಿಂದ, ಎಂದರೆ ಜನ ಆಸ್ತಮಾ ಎನ್ನುವ ಉಬ್ಬಸದಿಂದ, ಬಳಲುತ್ತಿದ್ದ ಹಿರಿಯ ರೈತರೊಬ್ಬರು ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. “ಸಾಯೋದ್ರೊಳಗೆ ಒಂದ್ಸಲ ಸಮುದ್ರ ನೋಡ್ಬೇಕು” ಎಂಬುದು ಅವರ ಆಸೆ. ನಾವು ಹೆಚ್ಚು ಯೋಚಿಸದೆ, “ಹೊಗೆಯಿಲ್ಲ, ಧೂಳಿಲ್ಲ, ಕಡಲ ಗಾಳಿ ಒಳ್ಳೆಯದು, ಹೋಗಿಬನ್ನಿ” ಎಂದೆವು. ಮೇ ತಿಂಗಳಿನಲ್ಲಿ ಮಗ ಅವರನ್ನು ಕುಂದಾಪುರದ ಕಡೆಯ ಒಂದು ಸಣ್ಣ ಹಳ್ಳಿಗೆ ಕರೆದೊಯ್ದರು. ತಂಗಿದ ಕೋಣೆಯ ಗೋಡೆಗಳಲ್ಲಿ ತೇವವಿತ್ತು, ಹಾಸಿಗೆಗೆ ಬೂಷ್ಟಿನ ವಾಸನೆಯಿತ್ತು, ಸೊಳ್ಳೆಗಳಿಗೆ ಹೆದರಿ ಕಿಟಕಿ ಮುಚ್ಚಿದ್ದರು. ಮೂರನೆಯ ರಾತ್ರಿ ಉಸಿರು ಕಟ್ಟಿತು. ದೂರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹಿರಿಯರ ತುಟಿ ನೀಲಿಗಟ್ಟಿತ್ತಂತೆ. ಪುಣ್ಯವಶಾತ್ ಜೀವ ಉಳಿಯಿತು.

ಊರಿಗೆ ಮರಳಿದ ಮೇಲೆ ಅವರು ನಮ್ಮ ಮೇಲೆ ಕೋಪಿಸಿಕೊಳ್ಳಲಿಲ್ಲ. “ಕಡ್ಲು ಚೆಂದಾಗಿತ್ತು ಡಾಕ್ಟ್ರೆ, ನನ್ನ ಎದೆಗೇ ಅದು ಒಗ್ಗಲಿಲ್ಲ” ಎಂದರು. ನಾವು ತಲೆ ತಗ್ಗಿಸಿದೆವು. ರೋಗವನ್ನು ಪರೀಕ್ಷಿಸಿದ್ದೆವು, ಅವರು ಹೋಗುವ ನಾಡನ್ನಾಗಲಿ, ಋತುವನ್ನಾಗಲಿ, ಮಲಗುವ ಕೋಣೆಯನ್ನಾಗಲಿ ವಿಚಾರಿಸಿರಲಿಲ್ಲ. ಅಂದಿನಿಂದ ಪ್ರವಾಸದ ಸಲಹೆ ಕೇಳಿದವರಿಗೆ ನಾಲ್ಕು ಪ್ರಶ್ನೆ ಹಾಕದೆ ಉತ್ತರಿಸುವುದಿಲ್ಲ: ಹೋಗುವವರು ಯಾರು? ಯಾವ ಕಾಲದಲ್ಲಿ? ತಂಗುವುದೆಲ್ಲಿ? ದಾರಿ ಎಷ್ಟು ದೂರ?

ಶಾಸ್ತ್ರ ಹೇಳುವ ಮೂರು ನಾಡು

ಆಯುರ್ವೇದವು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸುತ್ತದೆ. ನೀರು, ಮರಗಳು ವಿರಳವಾದ ಒಣನಾಡು ಜಾಂಗಲ. ಅಲ್ಲಿ ವಾತ ಹೆಚ್ಚು. ನೀರೂ ತೇವವೂ ತುಂಬಿದ ನಾಡು ಆನೂಪ; ಅಲ್ಲಿ ಕಫ ಹೆಚ್ಚು. ಎರಡರ ಗುಣಗಳೂ ಹದವಾಗಿ ಬೆರೆತದ್ದು ಸಾಧಾರಣ. ಕಡಲತೀರವು ಆನೂಪದ ಸಾಲಿಗೆ ಸೇರುತ್ತದೆ.

ನಮ್ಮ ಮಂಡ್ಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬಿದ್ದರೆ, ಉಡುಪಿಯ ಕಡೆ ಅದು 4000 ಮಿಲಿಮೀಟರನ್ನು ಮುಟ್ಟುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ನಮ್ಮ ಹೊಲಗಳನ್ನು ಗದ್ದೆ, ಕಬ್ಬಿನ ತೋಟಗಳನ್ನಾಗಿ ಮಾಡಿದ್ದರೂ ಇಲ್ಲಿನ ಗಾಳಿ ಕರಾವಳಿಯಷ್ಟು ತೇವವಲ್ಲ. ನಮ್ಮ ಬಿಸಿಲಿನಲ್ಲಿ ಬಂದ ಬೆವರು ಬೇಗ ಆರಿ ಮೈಯನ್ನು ತಂಪು ಮಾಡುತ್ತದೆ. ಕರಾವಳಿಯ ಮೇ ತಿಂಗಳಿನಲ್ಲಿ ಬೆವರು ಧಾರಾಕಾರ ಸುರಿದರೂ ಆರುವುದಿಲ್ಲ. ಮೈಯ ಶಾಖ ಒಳಗೇ ಉಳಿದು ಸುಸ್ತು, ತಲೆಸುತ್ತು ಬರುತ್ತವೆ. ಬಯಲುಸೀಮೆಯ ವೃದ್ಧರಿಗೂ ಶಿಶುಗಳಿಗೂ ಇದು ಕಠಿಣ. ಅದೇ ತೀರವು ಡಿಸೆಂಬರ್, ಜನವರಿಯಲ್ಲಿ ಬಹಳ ಹಿತಕರವಾಗಿರುತ್ತದೆ.

ಕಡಲ ಹಳ್ಳಿಯ ಗುಣದೋಷ

ನಿದ್ರೆಗೆಟ್ಟವರು, ಸಾಲದ ಚಿಂತೆಯಲ್ಲಿ ಬೆಂದವರು, ದಿನವಿಡೀ ಗಣಕಯಂತ್ರದ ಮುಂದೆ ಕುಳಿತು ರಕ್ತದೊತ್ತಡ ತಂದುಕೊಂಡ ತರುಣರು, ಇವರಿಗೆ ನಾವು ಕಡಲ ಹಳ್ಳಿಯನ್ನೇ ಹೇಳುತ್ತೇವೆ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಮರವಂತೆಯಂತಹ ಊರಿನಲ್ಲಿ ಬೆಳಗಿನ ಹೊತ್ತು ಮರಳಿನ ಮೇಲೆ ಅರ್ಧ ಗಂಟೆ ನಡೆದರೆ ಅದೇ ವ್ಯಾಯಾಮ. ಊಟಕ್ಕೆ ಕುಚ್ಚಲಕ್ಕಿ ಗಂಜಿ, ಬಸಳೆ, ಸೌತೆಕಾಯಿಯ ಹುಳಿ. ಗ್ರೀಷ್ಮದಲ್ಲಿ ಲಘುವಾದ, ದ್ರವವಾದ ಆಹಾರ ಹಿತವೆಂದು ವಾಗ್ಭಟರು ಹೇಳಿದ್ದಕ್ಕೆ ಇದು ಹೊಂದುತ್ತದೆ. ಮುದ್ದೆಗೆ ಒಗ್ಗಿದ ಹೊಟ್ಟೆಗೆ ಒಮ್ಮೆಗೇ ಎಲ್ಲವನ್ನೂ ಬದಲಿಸಬಾರದು. ಅಭ್ಯಾಸವನ್ನು ಕಾಲುಭಾಗ ಕಾಲುಭಾಗವಾಗಿ ಬದಲಿಸಬೇಕೆಂಬುದು ಚರಕಸಂಹಿತೆಯ ಮಾತು. ಆದ್ದರಿಂದ ರಾಗಿಯ ಹುರಿಹಿಟ್ಟನ್ನು ಜೊತೆಗೆ ಒಯ್ದು, ಒಂದು ಹೊತ್ತು ಮಜ್ಜಿಗೆಯಲ್ಲಿ ಕಲಸಿ ಉಣ್ಣುವುದು ಉಚಿತ.

ಉಬ್ಬಸ, ಹಳೆಯ ಕೆಮ್ಮು, ಆಮವಾತ ಉಳ್ಳವರು ತೇವದ ಕಾಲದಲ್ಲಿ ಅಲ್ಲಿಗೆ ಹೋಗಬಾರದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಿನಲ್ಲಿ ಮರಳಿಗೆ ಇಳಿಯಬಾರದು. ಕಾದ ಮರಳು ಸುಟ್ಟದ್ದೂ, ಕಪ್ಪೆಚಿಪ್ಪು ಕೊಯ್ದದ್ದೂ ಅವರಿಗೆ ತಿಳಿಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಮಕ್ಕಳದು. ನಾಲೆಯಲ್ಲಿ ಈಜಿದ ನಮ್ಮ ಹುಡುಗರು ನೀರನ್ನು ಬಲ್ಲೆವೆಂದು ಭಾವಿಸುತ್ತಾರೆ. ನಾಲೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ಕಡಲು ಹಾಗಲ್ಲ. ದಡಕ್ಕೆ ಅಪ್ಪಳಿಸಿದ ನೀರು ಕೆಲವೆಡೆ ಕಿರಿದಾದ ಸೆಳೆತವಾಗಿ ಹಿಂದಕ್ಕೆ ಹೋಗುತ್ತದೆ. ಮೇಲಿನಿಂದ ಶಾಂತವಾಗಿ ಕಾಣುವ ಜಾಗವೇ ಅದಾಗಿರಬಹುದು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದುದನ್ನು ಬಯಲುಸೀಮೆಯ ಯಾವ ಪೋಷಕರೂ ಮರೆಯಬಾರದು. ಸೆಳೆತಕ್ಕೆ ಸಿಕ್ಕವರು ಅದಕ್ಕೆ ಎದುರಾಗಿ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡದತ್ತ ತಿರುಗಬೇಕು. ಜೀವರಕ್ಷಕರು ಇಲ್ಲದೆಡೆ ಮಕ್ಕಳನ್ನು ಇಳಿಸಲೇಬಾರದು. 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಪಡೆದ ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿಯಂತಹ ತೀರಗಳನ್ನು ಆರಿಸಿಕೊಳ್ಳುವುದು ಮೇಲು. ಮಳೆಗಾಲದಲ್ಲಿ ಕಡಲನ್ನು ದೂರದಿಂದ ನೋಡಿದರೆ ಸಾಕು.

ನಗರದ ಗುಣದೋಷ

ನಗರವನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಬೇಸಿಗೆಯ ಸಂಜೆಗಳು ಸಹನೀಯ. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯಿಂದ ಮದ್ದೂರಿಗೂ ಬೆಂಗಳೂರಿಗೂ ನಡುವಿನ ಪ್ರಯಾಣ ಬಹಳ ಕಡಿಮೆಯಾಗಿದೆ. ಮಕ್ಕಳಿಗೆ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ತಾರಾಲಯ, ಲಾಲ್‌ಬಾಗ್ ಇವೆ. ಮೈಸೂರಿಗೆ ಹೋದರೆ 1892ರಲ್ಲಿ ಆರಂಭವಾದ ಮೃಗಾಲಯವಿದೆ. ಹೃದ್ರೋಗಿಗಳಿಗೂ ತುಂಬು ಗರ್ಭಿಣಿಯರಿಗೂ ಆಸ್ಪತ್ರೆ ಹತ್ತಿರವಿರುವುದೇ ದೊಡ್ಡ ಧೈರ್ಯ. ಇಂಥವರು ಪ್ರವಾಸ ಮಾಡಲೇಬೇಕಾದರೆ ಸಮೀಪದ ನಗರವೇ ಲೇಸು.

ಆದರೆ ನಗರದ ರಜೆಯಲ್ಲಿ ವಿಶ್ರಾಂತಿ ಕಡಿಮೆ. ಹೊಗೆಯ ನಡುವೆ ವಾಹನದಲ್ಲಿ ಕಳೆಯುವ ಹೊತ್ತು, ಹೊರಗಿನ ಬಿಸಿಲಿನಿಂದ ಅಂಗಡಿ ಮಳಿಗೆಗಳ ಶೀತಕ್ಕೆ ಪದೇ ಪದೇ ಹೋಗಿಬರುವುದು, ಹೊತ್ತಲ್ಲದ ಹೊತ್ತಿನ ಹೋಟೆಲ್ ಊಟ, ನೆಂಟರ ಎರಡು ಕೋಣೆಯ ಮನೆಯಲ್ಲಿ ಹತ್ತು ಮಂದಿಯ ನಿದ್ರೆ. ಊರಿಗೆ ಮರಳಿದ ವಾರ ನಮ್ಮ ಚಿಕಿತ್ಸಾಲಯ ಗಂಟಲುನೋವು, ಅಜೀರ್ಣದವರಿಂದ ತುಂಬುತ್ತದೆ. ನಗರದಲ್ಲಿ ಆರು ಸ್ಥಳ ನೋಡುವ ಬದಲು ದಿನಕ್ಕೆ ಒಂದನ್ನೇ ನಿಧಾನವಾಗಿ ನೋಡುವುದು ಜಾಣತನ. ಇನ್ನು ನಗರದಲ್ಲೇ ದುಡಿಯುವ ಮಕ್ಕಳಿಗೆ ಮತ್ತೊಂದು ನಗರ ಬೇಡ. ಅವರಿಗೆ ಕಡಲತೀರ ದೂರವಾದರೆ ಹುಟ್ಟಿದೂರಿನ ಜಗಲಿಯೂ ಒಳ್ಳೆಯ ಔಷಧವೇ.

ದಾರಿಯೂ ಪ್ರವಾಸವೇ

ಸಕಲೇಶಪುರದ ಘಟ್ಟ ಇಳಿದು ಕುಂದಾಪುರ ಸೇರಲು ನಮ್ಮಿಂದ ಎಂಟು ಹತ್ತು ಗಂಟೆ ಬೇಕು. ನಾಲ್ಕು ದಿನದಲ್ಲಿ ಎರಡು ದಿನ ದಾರಿಗೇ ಸಲ್ಲುತ್ತವೆ. ಹೆಣ್ಣುಮಕ್ಕಳು ದಾರಿಯಲ್ಲಿ ಶೌಚಾಲಯ ಸಿಗದೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮೂತ್ರವನ್ನು ತಡೆಯುತ್ತಾರೆ. ತಡೆಯಬಾರದ ಹದಿಮೂರು ವೇಗಗಳನ್ನು ಚರಕಸಂಹಿತೆ ಎಣಿಸಿದೆ. ಅವುಗಳಲ್ಲಿ ಮೂತ್ರವೂ ಒಂದು. ಎರಡು ಗಂಟೆಗೊಮ್ಮೆ ವಾಹನ ನಿಲ್ಲಿಸುವುದು ಮನೆಯ ಗಂಡಸರ ಹೊಣೆ. ನಿತ್ಯ ಸೇವಿಸುವ ಔಷಧಿಗಳನ್ನು, ಅವು ಯಾವ ಪದ್ಧತಿಯವೇ ಆಗಲಿ, ಪ್ರವಾಸದಲ್ಲಿ ನಿಲ್ಲಿಸಬಾರದು. ಮನೆಯಲ್ಲಿ ಪೂಜೆಗೆ ಏಳುವ ಹೊತ್ತಿಗೇ ಪರಸ್ಥಳದಲ್ಲೂ ಎದ್ದರೆ ಉಳಿದ ದಿನಚರಿ ತಾನಾಗಿ ಹಳಿಯ ಮೇಲೆ ಬರುತ್ತದೆ.

ಎರಡನೆಯ ಸಲ

ಆ ಹಿರಿಯ ರೈತರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಂದೂವರೆ ವರ್ಷದ ಬಳಿಕ ಅವರೇ ಬಂದು, “ಇನ್ನೊಂದ್ಸಲ ಹೋಗ್ಲಾ?” ಎಂದು ಕೇಳಿದರು. ನಮಗೆ ಅಳುಕಾಯಿತು. ಆದರೆ ಈ ಸಲ ನಾಲ್ಕೂ ಪ್ರಶ್ನೆ ಕೇಳಿದೆವು. ಹೊರಡುವುದು ಜನವರಿಯಲ್ಲಿ ಎಂದು ನಿಶ್ಚಯಿಸಿದೆವು. ಬಿಸಿಲು ಬೀಳುವ ಮಹಡಿಯ ಕೋಣೆ, ಮನೆಯಿಂದ ಒಯ್ದ ಹಾಸಿಗೆಬಟ್ಟೆ, ಜೇಬಿನಲ್ಲಿ ಎದೆಗೆ ಸೇದುವ ಔಷಧಿ, ಮೊದಲೇ ವಿಚಾರಿಸಿಟ್ಟ ಆಸ್ಪತ್ರೆ, ದಾರಿಯಲ್ಲಿ ಹಾಸನದಲ್ಲಿ ಒಂದು ರಾತ್ರಿಯ ತಂಗುವಿಕೆ, ಇಷ್ಟನ್ನೂ ಬರೆದುಕೊಟ್ಟೆವು.

ಮರಳಿ ಬಂದಾಗ ಅವರ ಉಸಿರು ಹೋಗುವಾಗ ಇದ್ದಂತೆಯೇ ಇತ್ತು. ಮೊಮ್ಮಗನ ಕೈಯಲ್ಲಿ ಒಂದು ಹಿಡಿ ಕಪ್ಪೆಚಿಪ್ಪು ಕಳಿಸಿಕೊಟ್ಟಿದ್ದರು. ಅವರು ಈಗ ಇಲ್ಲ. ಚಿಪ್ಪುಗಳು ನಮ್ಮ ಮೇಜಿನ ಮೇಲಿವೆ. ಯಾರಾದರೂ “ಸಮುದ್ರವೋ, ಬೆಂಗಳೂರೋ?” ಎಂದು ಕೇಳಿದಾಗ ನಾವು ಮೊದಲು ಅವನ್ನು ನೋಡುತ್ತೇವೆ, ಆಮೇಲೆ ಕೇಳುತ್ತೇವೆ: ಹೋಗುವವರು ಯಾರು?