ಕೂಡೈತೇನು, ಮಾಸ್ತರ?

ಹತ್ತೊಂಬತ್ತು ವರುಷಗಳಿಂದ ನಾನು ಕಾಲೇಜಿನಲ್ಲಿ ಕನ್ನಡ ವ್ಯಾಕರಣವನ್ನು ಕಲಿಸುತ್ತ ಬಂದಿದ್ದೇನೆ. ಹೊಲಿ ಎಂಬ ಧಾತುವಿನಿಂದ ಹೊಲಿಗೆ, ಅಡು ಎಂಬುದರಿಂದ ಅಡುಗೆ, ಬೆಸೆ ಎಂಬುದರಿಂದ ಬೆಸುಗೆ ಎಂದು ಪ್ರತಿ ವರುಷವೂ ಕರಿಹಲಗೆಯ ಮೇಲೆ ಬರೆಯುತ್ತೇನೆ. ಪ್ರತಿ ವರುಷವೂ ಅಳಿಸುತ್ತೇನೆ. ಈ ಮೂರರಲ್ಲಿ ಹೊಲಿಗೆ ನನಗೆ ಗುಂಡಿ ಹಚ್ಚುವಷ್ಟು ಬರುತ್ತದೆ. ಅಡುಗೆ, ಮನೆಯಾಕೆ ತವರಿಗೆ ಹೋದಾಗ ಹಸಿವು ನೀಗುವಷ್ಟು. ಬೆಸುಗೆಯನ್ನು ಮಾತ್ರ ಎಂದೂ ಕೈಯಿಂದ ಮುಟ್ಟಿದವನಲ್ಲ. ಆದರೆ ಅತಿ ಹೆಚ್ಚಾಗಿ ಬಳಸಿದ್ದು ಆ ಮಾತನ್ನೇ. ಹೃದಯಗಳ ಬೆಸುಗೆ, ಭಾವಗಳ ಬೆಸುಗೆ, ನಾಡುನುಡಿಗಳ ಬೆಸುಗೆ: ಇವಿಲ್ಲದೆ ನಾನು ಮಾಡಿದ ಭಾಷಣವೇ ಇರಲಾರದು. ಈ ಶ್ರಾವಣದಲ್ಲಿ ಆ ಸಾಲವನ್ನು ತೀರಿಸುವ ಪ್ರಸಂಗ ಬಂತು.

ನಮ್ಮ ಕೊಣ್ಣೂರಿನಲ್ಲಿ ನಾಗರಪಂಚಮಿಯೆಂದರೆ ಅಳ್ಳು, ಉಂಡಿ ಮತ್ತು ಜೋಕಾಲಿ. ಮನೆಯ ಮುಂದಿದ್ದ ಬೇವಿನ ಮರ ಎರಡು ವರುಷಗಳ ಹಿಂದೆ ಗಾಳಿಗೆ ಉರುಳಿತು. ಅಂದಿನಿಂದ ನನ್ನ ಮಗಳು ಪಂಚಮಿಯ ದಿನ ಮಂದಿಯ ಮನೆಯ ಮರಕ್ಕೆ ಹೋಗಿ ಸರದಿಗಾಗಿ ಕಾಯುತ್ತಾಳೆ. ಆದ್ದರಿಂದ ಹಿತ್ತಲಲ್ಲಿ ಒಂದು ಕಬ್ಬಿಣದ ಚೌಕಟ್ಟನ್ನು ನಿಲ್ಲಿಸಿದೆ. ಅದನ್ನು ಪೇಟೆಯ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಟ್ಟರು. ಹಗ್ಗ ಕಟ್ಟುವ ಎರಡು ಕೊಂಡಿಗಳನ್ನು ಮಾತ್ರ ನಾನೇ ಕೂಡಿಸಬೇಕೆಂಬ ಹುಚ್ಚು ನನ್ನ ತಲೆಯನ್ನು ಹೊಕ್ಕಿತು. ಅದಕ್ಕೆ ಕಾರಣ ಮನೆಯಲ್ಲಿಯೇ ಬಂದು ಕುಳಿತಿದ್ದ ಯಂತ್ರ.

ಅದು ನನ್ನ ತಂಗಿಯ ಮಗನದು. ಐ.ಟಿ.ಐ. ಮುಗಿಸಿ ಬೆಳಗಾವಿಯ ಉದ್ಯಮಬಾಗದ ಕಾರಖಾನೆಯೊಂದರಲ್ಲಿ ದುಡಿಯುವ ಹುಡುಗ. ಊರಿಗೆ ಮರಳಿ, ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರೇಲರುಗಳ ದುರಸ್ತಿ ಮಾಡಬೇಕೆಂದು ತಂತಿಯ ವೆಲ್ಡಿಂಗ್ ಯಂತ್ರವನ್ನು ಕೊಂಡು ನಮ್ಮಲ್ಲಿ ಇಟ್ಟಿದ್ದಾನೆ. ಪೇಟೆಯಲ್ಲಿ ಇದಕ್ಕೆ ಮಿಗ್ ಎನ್ನುತ್ತಾರೆ, ಕೆಲವರು ಸಿ.ಓ.ಟು. ಎನ್ನುತ್ತಾರೆ. “ಮಾಮಾ, ಭಾಳ ಸರಳ ಐತ್ರಿ. ಪೆನ್ನು ಹಿಡದಂಗ ಹಿಡೀರಿ, ಗುಂಡಿ ಒತ್ತರಿ, ಬರಕೋತ ಹೋಗ್ರಿ” ಎಂದು ಹೇಳಿ ಅವನು ಬಸ್ಸು ಹತ್ತಿದ. ಬರೆಯುವವನಿಗೆ ಇದಕ್ಕಿಂತ ದೊಡ್ಡ ಆಮಿಷ ಮತ್ತಾವುದಿದ್ದೀತು!

ಹಳೆಯ ವೆಲ್ಡಿಂಗನ್ನು ಎಲ್ಲರೂ ಬೀದಿಯಲ್ಲಿ ಕಂಡಿದ್ದೇವೆ. ಗೇಣುದ್ದದ ಕಡ್ಡಿಯನ್ನು ಇಕ್ಕಳದಲ್ಲಿ ಸಿಕ್ಕಿಸಿ ಕಬ್ಬಿಣಕ್ಕೆ ಗೀರಿದರೆ ಮಿಂಚು ಹತ್ತುತ್ತದೆ. ಕಡ್ಡಿ ಕರಗಿ ತೀರಿದರೆ ಮತ್ತೊಂದು ಕಡ್ಡಿ. ಹೊಸ ಯಂತ್ರದಲ್ಲಿ ಕಡ್ಡಿಯ ಬದಲು ತಂತಿಯ ಉಂಡೆಯಿದೆ. ಗನ್ನಿನ ಗುಂಡಿಯನ್ನು ಒತ್ತಿದೊಡನೆ ಒಳಗಿನ ಉರುಳೆಗಳು ತಂತಿಯನ್ನು ಎಡೆಬಿಡದೆ ಮುಂದೆ ದೂಡುತ್ತವೆ. ತಂತಿಯ ತುದಿಯೇ ಮಿಂಚಾಗಿ ಕರಗಿ ಸಂದಿಯನ್ನು ತುಂಬುತ್ತದೆ. ಸುತ್ತಲೂ ಅನಿಲ ಹೊಮ್ಮಿ, ಕರಗಿದ ಕಬ್ಬಿಣವನ್ನು ಗಾಳಿ ಮುಟ್ಟದಂತೆ ಕಾಯುತ್ತದೆ. ಈ ವಿಧಾನ 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ಅಲ್ಯೂಮಿನಿಯಮ್ಮಿಗಾಗಿ ರೂಪುಗೊಂಡಿತು. ಆಗ ಬಳಸುತ್ತಿದ್ದ ಅನಿಲ ತುಟ್ಟಿಯದು. 1953ರಲ್ಲಿ ಇಂಗಾಲದ ಡೈಆಕ್ಸೈಡು ಆ ಕೆಲಸಕ್ಕೆ ಬಂದ ಮೇಲೆ ಉಕ್ಕಿನ ಬೆಸುಗೆ ಅಗ್ಗವಾಯಿತು. ನಮ್ಮ ಊರಿನ ಮಗ್ಗುಲಲ್ಲಿಯೇ ಘಟಪ್ರಭೆ ಸುಮಾರು 52 ಮೀಟರು ಧುಮುಕುತ್ತಾಳೆ; 1887ರಷ್ಟು ಹಿಂದೆಯೇ ಆ ಧುಮುಕಿನಿಂದ ವಿದ್ಯುತ್ತನ್ನು ಪಡೆದರು. ಅಂಥ ನೆಲದಲ್ಲಿ ಹುಟ್ಟಿದ ನನಗೆ ವಿದ್ಯುತ್ತಿನ ಭಯವೇಕೆಂದು ಮನಸ್ಸು ಹೇಳಿತು. ಮನಸ್ಸು ಹೇಳುವುದೆಲ್ಲ ಹೀಗೆಯೇ.

ಯಂತ್ರವನ್ನು ಹೂಡುವುದಕ್ಕೇ ಎರಡು ದಿನ ಹಿಡಿದವು. ಮನೆಯ ಸಾದಾ ಪ್ಲಗ್ಗಿಗೆ ಹಚ್ಚಿದಾಗ ಫ್ಯೂಜು ಹಾರಿತು. ಕಡೆಗೆ ಇಲೆಕ್ಟ್ರಿಶಿಯನ್ನನನ್ನು ಕರೆಸಿ, ಮೀಟರಿನಿಂದ ದಪ್ಪ ವಾಯರನ್ನು ಬೇರೆಯಾಗಿಯೇ ಎಳೆಸಿ, ಅರ್ಥಿಂಗನ್ನು ಪರೀಕ್ಷಿಸಿ, ತಕ್ಕ ಎಂ.ಸಿ.ಬಿ. ಕೂಡಿಸಿದೆವು. ತಂತಿ 0.8 ಮಿಲಿಮೀಟರಿನದು, ಉರುಳೆಯ ಗಾಡಿಯೂ ಗನ್ನಿನ ತಾಮ್ರದ ಟಿಪ್ಪೂ ಅದೇ ಅಳತೆಯವಾಗಿರಬೇಕು. ಉರುಳೆಯ ಒತ್ತು ಸಡಿಲಾದರೆ ತಂತಿ ಜಾರುತ್ತದೆ. ಬಿಗಿಯಾದರೆ ತಂತಿ ಚಪ್ಪಟೆಯಾಗಿ, ಟಿಪ್ಪಿನಲ್ಲಿ ಸಿಕ್ಕು, ಹಿಂದೆ ಉಂಡೆಯ ಬಳಿ ಗುಬ್ಬಿಯ ಗೂಡಿನಂತೆ ಸುತ್ತಿಕೊಳ್ಳುತ್ತದೆ. ಅಂಥ ಎರಡು ಗೂಡುಗಳನ್ನು ನಾನು ಕಟ್ಟಿದೆ. ಗನ್ನನ್ನು ಒಂದು ಮರದ ತುಂಡಿನತ್ತ ತೋರಿಸಿ ತಂತಿಯನ್ನು ಬಿಡಬೇಕು. ತುಂಡನ್ನು ಮುಟ್ಟಿದ ತಂತಿ ನಿಲ್ಲದೆ ಬಾಗಿ ಸುರುಳಿಯಾದರೆ ಒತ್ತು ಸಾಕೆಂದು ತಿಳಿಯಬೇಕು.

ಇನ್ನೊಂದು ಸಂಗತಿಯನ್ನು ಯಾರೂ ಹೇಳಿರಲಿಲ್ಲ. ಈ ಯಂತ್ರಕ್ಕೆ ಎರಡು ಬಗೆಯ ತಂತಿಗಳಿವೆ: ತಾಮ್ರ ಲೇಪಿಸಿದ ಗಟ್ಟಿ ತಂತಿ, ಇದಕ್ಕೆ ಅನಿಲ ಬೇಕು, ಹೊಟ್ಟೆಯೊಳಗೆ ಪುಡಿ ತುಂಬಿದ ತಂತಿ, ಅನಿಲವಿಲ್ಲದೆ ನಡೆಯುವಂಥದು. ಮೊದಲನೆಯದಕ್ಕೆ ಗನ್ನನ್ನು ಧನಕ್ಕೆ ಜೋಡಿಸಬೇಕು, ಎರಡನೆಯದಕ್ಕೆ ಸಾಮಾನ್ಯವಾಗಿ ಋಣಕ್ಕೆ. ನಾನು ಪುಡಿಯ ತಂತಿಯನ್ನು ಹಾಕಿ ಗನ್ನನ್ನು ಧನದಲ್ಲಿಯೇ ಬಿಟ್ಟಿದ್ದೆ. ಪಂಚಮಿಗೆ ಹುರಿಯುವ ಅಳ್ಳಿನಂತೆ ಕಿಡಿ ಸಿಡಿದವೇ ಹೊರತು ಕೆಲಸವಾಗಲಿಲ್ಲ. ಸಿಡುಕಿಗೆ ಬೇಸತ್ತು ಗಟ್ಟಿ ತಂತಿಗೆ ಬಂದೆ. ಸಿಲಿಂಡರನ್ನು ಬೀಳದಂತೆ ಸರಪಳಿಯಿಂದ ಕಂಬಕ್ಕೆ ಬಿಗಿದೆ. ಅನಿಲವನ್ನು ನಿಮಿಷಕ್ಕೆ 12 ಲೀಟರಿನಂತೆ ಬಿಟ್ಟರೂ ಶ್ರಾವಣದ ಗಾಳಿ ಅದನ್ನು ಹೊತ್ತೊಯ್ದು, ಬೆಸುಗೆಯ ಗೆರೆ ಜೇನುಹುಟ್ಟಿನಂತೆ ತೂತು ತೂತಾಯಿತು. ಗಾಳಿಗೆ ತಗಡನ್ನು ಮರೆಮಾಡಿದೆ. ಟಿಪ್ಪಿನಿಂದ ತಂತಿ 10 ಮಿಲಿಮೀಟರಿನಷ್ಟು ಹೊರಗಿರುವಂತೆ ಹಿಡಿದು ಮೆಲ್ಲನೆ ಸಾಗಿದಾಗ, ಮಿರ್ಚಿ ಭಜಿ ಎಣ್ಣೆಯಲ್ಲಿ ಕರಿಯುವಂಥ ಹದವಾದ ಸದ್ದು ಕೇಳಿಸಿತು. ಆ ಸದ್ದು ಬಂದರೆ ಕೆಲಸ ಸರಿಯಾಗಿದೆಯೆಂದು ಅಳಿಯ ಹೇಳಿದ್ದ. ನನ್ನ ಸಂತೋಷಕ್ಕೆ ಪಾರವಿರಲಿಲ್ಲ.

ಆ ಸಂತೋಷದಲ್ಲಿಯೇ ಕೊಂಡಿಗಳಿಗೆ ಕೈ ಹಾಕಿದೆ. ಮೊದಲು ಕೊಂಡಿಯ ತಟ್ಟೆಯನ್ನು ಜಾಗದಲ್ಲಿ ಹಿಡಿದು ಒಂದು ಚುಕ್ಕೆ ಇಡಬೇಕು. ಮುಖವಾಡವನ್ನು ಇಳಿಸಿದರೆ ತಟ್ಟೆ ಎಲ್ಲಿ ಕುಳಿತಿದೆಯೆಂಬುದು ಕಾಣದು. ಒಂದೇ ಚುಕ್ಕೆಯಲ್ಲವೆ, ಕಣ್ಣು ಮುಚ್ಚಿಕೊಂಡರಾಯಿತು ಎಂದು ಗುಂಡಿ ಒತ್ತಿದೆ. ಹೀಗೆ ನಾಲ್ಕೈದು ಚುಕ್ಕೆ. ಆಗ ಏನೂ ಆಗಲಿಲ್ಲ; ಊಟ ಮಾಡಿ ಮಲಗಿದೆ. ನಡುರಾತ್ರಿ ಎಚ್ಚರವಾದಾಗ ಎರಡೂ ಕಣ್ಣುಗಳಲ್ಲಿ ಹಿಡಿ ಹಿಡಿ ಉಸುಕು ತುಂಬಿದಂತಿತ್ತು. ರೆಪ್ಪೆ ತೆರೆದರೆ ನೀರು, ಮುಚ್ಚಿದರೆ ಉರಿ. ಗೋಡೆಯ ಸಣ್ಣ ದೀಪವೂ ಸೂಜಿಯಂತೆ ಚುಚ್ಚುತ್ತಿತ್ತು. ನನ್ನ ಬದುಕೆಲ್ಲ ಓದುವ ಕಣ್ಣಿನ ಮೇಲೆ ನಿಂತದ್ದು. ಆ ರಾತ್ರಿ ಹಾಸಿಗೆಯಲ್ಲಿ ಕುಳಿತು ನಾನು ಏನೇನು ಯೋಚಿಸಿದೆನೆಂಬುದನ್ನು ಇಲ್ಲಿ ಬರೆಯಲಾರೆ. ಕೈ ಹಿಡಿದು ಕೂಡ್ರಿಸಿದವಳು ಹೆಂಡತಿ.

ಮುಂಜಾನೆ ಡಾಕ್ಟರು ಕಣ್ಣಿಗೆ ಹನಿ ಹಾಕಿ ವಿವರಿಸಿದರು. ವೆಲ್ಡಿಂಗಿನ ಮಿಂಚಿನಲ್ಲಿ ಕಾಣುವ ಬೆಳಕಿನೊಡನೆ ಕಾಣದ ನೇರಳಾತೀತ ಕಿರಣವೂ ಇರುತ್ತದೆ. ಅದು ಕಣ್ಣಿನ ಹೊರಪೊರೆಯನ್ನು ಬಿಸಿಲು ತೊಗಲನ್ನು ಸುಡುವಂತೆ ಸುಡುತ್ತದೆ. ನೋವು ತಾಸುಗಟ್ಟಲೆ ತಡವಾಗಿ ಬರುತ್ತದೆ. ಉಜ್ಜದಿದ್ದರೆ ಒಂದೆರಡು ದಿನಗಳಲ್ಲಿ ಮಾಯುತ್ತದೆ. ಮೇಲಿಂದ ಮೇಲೆ ಆದರೆ ಒಳ್ಳೆಯದಲ್ಲ. ಕೊಂಡ ದಿನವೇ ಪೆಟ್ಟಿಗೆಯಲ್ಲಿ ಬಂದಿದ್ದ, ಮಿಂಚು ಹತ್ತಿದ ಕ್ಷಣವೇ ತಾನಾಗಿ ಕಪ್ಪಾಗುವ ಗಾಜಿನ ಮುಖವಾಡ ಮೂಲೆಯಲ್ಲಿ ತೂಗಿಹಾಕಿದಂತೆಯೇ ಇತ್ತು. ಅದರಲ್ಲಿ ತಟ್ಟೆಯ ಜಾಗ ಮೊದಲೇ ಕಾಣುತ್ತದೆ. ಕಪ್ಪಿನ ಅಂಕಿಯನ್ನು 10 ಅಥವಾ 11ಕ್ಕೆ ಇಟ್ಟುಕೊಂಡರೆ ಮನೆಯ ಯಂತ್ರಕ್ಕೆ ಸಾಕು. ನನಗೆ ಅಂದು ಹೆಚ್ಚು ಚುಚ್ಚಿದ ನೆನಪು ಬೇರೆ: ಕಂಪೌಂಡಿನ ಗೋಡೆಯ ಮೇಲೆ ಓಣಿಯ ಮೂರು ಹುಡುಗರು ಕುಳಿತು ಮಿಂಚನ್ನು ನೋಡುತ್ತ ನಗುತ್ತಿದ್ದರು. ಹೆಂಡತಿಯನ್ನು ಅವರ ಮನೆಗಳಿಗೆ ಕಳಿಸಿ ವಿಚಾರಿಸಿದೆ. ದೂರವಿದ್ದುದರಿಂದ ಅವರಿಗೇನೂ ಆಗಿರಲಿಲ್ಲ. ಮರುದಿನವೇ ಹಿತ್ತಲಿಗೆ ದಪ್ಪ ಪರದೆ ಬಂತು.

ನನ್ನ ಕಣ್ಣಿನ ಸುದ್ದಿ ಕೇಳಿ ಮೂರನೆಯ ದಿನ ಕಂಬಾರ ಮುತ್ಯಾ ಬಂದರು. ಎಂಬತ್ತರ ಹತ್ತಿರದ ವಯಸ್ಸು. ಕುಲುಮೆ ಆರಿ ಎಷ್ಟೋ ವರುಷಗಳಾದರೂ ಊರಿನವರು ಕುಡ, ಕುರ್ಚಿಗೆಗಳನ್ನು ಅವರಿಗೆ ತೋರಿಸದೆ ಕೊಳ್ಳುವುದಿಲ್ಲ. ಹಿತ್ತಲಿಗೆ ಬಂದು ಕೊಂಡಿಯ ಬೆಸುಗೆಯನ್ನು ಬೆರಳಿನಿಂದ ಸವರಿದರು. ಗೆರೆ ನಿಜಕ್ಕೂ ಸುಂದರವಾಗಿತ್ತು. ಹೆಣೆದ ಜಡೆಯಂತೆ ಒಂದೇ ಸಮ, ದುಂಡಗೆ ಉಬ್ಬಿತ್ತು.

“ಮಾಸ್ತರ, ಗೆರಿ ಭಾಳ ಚೆಂದ ಬಂದೈತಿ. ಆದ್ರ ಕೂಡೈತೇನು?”

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸುತ್ತಿಗೆ ತರಿಸಿ, ತಟ್ಟೆಗೆ ಮಗ್ಗುಲಿನಿಂದ ಒಂದು ಏಟು ಕೊಟ್ಟರು. ಎರಡನೆಯ ಏಟಿಗೆ ಕೊಂಡಿ ಠಣ್ಣನೆ ನೆಲಕ್ಕೆ ಬಿತ್ತು. ಬೆಸುಗೆಯ ಗೆರೆ ಕೊಳವೆಯ ಮೇಲೆ ಇದ್ದಂತೆಯೇ ಇತ್ತು. ತಟ್ಟೆಯ ಅಂಚಿನಲ್ಲಿ ಅದರ ಗುರುತೂ ಇರಲಿಲ್ಲ, ಲೋಹ ಹೊಳೆಯುತ್ತಿತ್ತು.

“ಕೂಡಿಲ್ಲ. ಸುಮ್ನ ಮ್ಯಾಲೆ ಕುಂತೈತಿ.”

ಕೆಳಗೆ ಬಿದ್ದಿದ್ದ ಕೊಂಡಿಯನ್ನು ನಾನು ಬಹಳ ಹೊತ್ತು ಎತ್ತಲಿಲ್ಲ. ಪಂಚಮಿಗೆ ನಾಲ್ಕೇ ದಿನ ಉಳಿದಿದ್ದವು. ಜೋಕಾಲಿ ಮೇಲೇರಿದಾಗ ಮಗಳು ಕಾಲು ಚಾಚಿ ಕೂಗುವ ರೀತಿ ನನಗೆ ಗೊತ್ತು.

ಆದದ್ದೇನೆಂಬುದನ್ನು ಸಂಜೆ ಅಳಿಯ ಫೋನಿನಲ್ಲಿ ಬಿಡಿಸಿ ಹೇಳಿದ. ಕೊಳವೆಯ ದಪ್ಪ 3 ಮಿಲಿಮೀಟರು, ಕೊಂಡಿಯ ತಟ್ಟೆಯದು 8. ನಾನು ಯಂತ್ರವನ್ನು ಕೊಳವೆ ತೂತಾಗದಂತೆ ಮೆಲ್ಲಗೆ ಇಟ್ಟಿದ್ದೆ. ಆ ಕಾವಿಗೆ ದಪ್ಪ ತಟ್ಟೆ ಕರಗಲೇ ಇಲ್ಲ. ಹಳೆಯ ಕಡ್ಡಿಯಾದರೆ ಕಾವು ಸಾಲದಾಗ ಅಂಟಿ ನಿಲ್ಲುತ್ತದೆ, ತಪ್ಪನ್ನು ಒಡನೆ ಹೇಳಿಬಿಡುತ್ತದೆ. ಈ ಯಂತ್ರ ಹಾಗಲ್ಲ. ಕಾವು ಸಾಲದಿದ್ದರೂ ತಂತಿಯನ್ನು ಉಣಿಸುತ್ತಲೇ ಇರುತ್ತದೆ, ಗೆರೆ ಬೆಳೆಯುತ್ತಲೇ ಇರುತ್ತದೆ, ಸದ್ದೂ ಹಿತವಾಗಿಯೇ ಇರುತ್ತದೆ. ಸಾಲದ್ದಕ್ಕೆ ತಟ್ಟೆಯ ಮೇಲಿನ ಕರಿ ಪೊರೆಯನ್ನು ನಾನು ಗ್ರೈಂಡರಿನಿಂದ ತೆಗೆದಿರಲಿಲ್ಲ. ಅರ್ಥ್ ಕ್ಲ್ಯಾಂಪನ್ನು ಬಣ್ಣದ ಮೇಲೆಯೇ ಕಚ್ಚಿಸಿದ್ದೆ.

ವ್ಯಾಕರಣದ ಮಾಸ್ತರನಿಗೆ ಇದು ಬೇರೊಂದು ಭಾಷೆಯಲ್ಲಿ ತಿಳಿಯಿತು. ಸಂಧಿಯಾಗಬೇಕಾದರೆ ಸ್ವರಗಳು ಅಲುಗಾಡಬೇಕು: ಒಂದು ಲೋಪವಾಗಬೇಕು, ಇಲ್ಲವೆ ನಡುವೆ ಯಕಾರವೋ ವಕಾರವೋ ಆಗಮವಾಗಬೇಕು. ತಂತಿಯೆಂಬುದು ಆಗಮ. ಆದರೆ ಎರಡೂ ಕಡೆಯ ಕಬ್ಬಿಣ ತುಸು ಕರಗಿ ತನ್ನತನವನ್ನು ಬಿಟ್ಟುಕೊಡದೆ ಆಗಮ ಮಾತ್ರ ಬಂದು ಏನು ಮಾಡೀತು? “ಅಯ್ಯೋ ಇದೇನು” ಎಂಬಲ್ಲಿ ಎರಡು ಸ್ವರಗಳು ಪಕ್ಕಪಕ್ಕದಲ್ಲಿದ್ದೂ ಕೂಡದೆ ನಿಲ್ಲುತ್ತವಲ್ಲ, ಅದಕ್ಕೆ ಪ್ರಕೃತಿಭಾವವೆನ್ನುತ್ತೇವೆ. ನನ್ನ ಬೆಸುಗೆ ಶುದ್ಧ ಪ್ರಕೃತಿಭಾವವಾಗಿತ್ತು. ಉದಾಹರಣೆಯ ವಾಕ್ಯವೂ ಸಂದರ್ಭಕ್ಕೆ ಒಪ್ಪುವಂತಿತ್ತು.

ಮುತ್ಯಾ ತಮ್ಮ ಕಾಲದ ಬೆಸುಗೆಯನ್ನು ಹೇಳಿದರು. ಎರಡು ತುಂಡುಗಳನ್ನೂ ಕುಲುಮೆಯಲ್ಲಿ ಬಿಳಿಗಾವಿಗೆ ತಂದು, ಮೇಲೆ ಉಸುಕನ್ನು ಚೆಲ್ಲಿ, ಅಡಿಗಲ್ಲಿನ ಮೇಲಿಟ್ಟು ಬಡಿಯುವುದು. ಕಾವು ಒಂದಿಷ್ಟು ಇಳಿದರೂ ಕೂಡುವುದಿಲ್ಲ, ಒಂದಿಷ್ಟು ಏರಿದರೆ ಕಬ್ಬಿಣವೇ ಉರಿದುಹೋಗುತ್ತದೆ. ಕೂಡಿದೆಯೇ ಇಲ್ಲವೇ ಎಂಬುದು ಸುತ್ತಿಗೆ ಹಿಡಿದ ಕೈಗೆ ತಿಳಿಯುತ್ತಿತ್ತು. ಅವರ ಮಾತಿನಂತೆ ಮರುದಿನವೆಲ್ಲ ನಾನು ಮುಖವಾಡ ತೊಟ್ಟು, ಹಳೆಯ ತುಂಡುಗಳನ್ನು ಬೆಸೆಯುವುದು, ಬೈಸಿಗೆ ಸಿಕ್ಕಿಸಿ ಬಡಿದು ಮುರಿಯುವುದು, ಮುರಿದ ಬಾಯಿಯನ್ನು ನೋಡುವುದು, ಇದನ್ನೇ ಮಾಡಿದೆ. ಕಾವನ್ನು ಏರಿಸಿ, ಮಿಂಚನ್ನು ದಪ್ಪ ತಟ್ಟೆಯ ಕಡೆಗೇ ಹೆಚ್ಚಾಗಿ ಒಲಿಸಿದಾಗ, ಹನ್ನೊಂದನೆಯ ತುಂಡು ಬಾಗಿತೇ ಹೊರತು ಬಿಚ್ಚಲಿಲ್ಲ.

ಹತ್ತಿರ ಕುಳಿತು ಮುತ್ಯಾ ಬಯ್ದದ್ದೂ ಬಹಳ. ಟೆರಿಕಾಟಿನ ಅಂಗಿಯನ್ನು ಕಳೆಸಿದರು: ಕಿಡಿ ಬಿದ್ದರೆ ಅದು ಕರಗಿ ಮೈಗೆ ಅಂಟುತ್ತದೆ, ಹತ್ತಿಯದಾದರೆ ತೂತಾಗಿ ಬಿಡುತ್ತದೆ. ತೊಗಲಿನ ಕೈಚೀಲ, ಮುಚ್ಚಿದ ಬೂಟು. ಹಸಿ ನೆಲದಲ್ಲಿ ನಿಂತದ್ದನ್ನು ಕಂಡು ಒಣ ಹಲಗೆ ಹಾಕಿಸಿದರು. ಬದಿಯಲ್ಲಿಯೇ ದನಗಳಿಗೆಂದು ಕಣಿಕೆಯ ಬಣವಿ, ಆಚೆ ಕಬ್ಬಿನ ರವದಿಯ ರಾಶಿ. ಕಿಡಿ ಹತ್ತು ಮೀಟರು ಉರುಳಿಹೋಗಬಲ್ಲದು. ರವದಿಯಲ್ಲಿ ಅದು ಹೊಗೆಯಿಲ್ಲದೆ ಕುಳಿತು, ನಾವು ಊಟಕ್ಕೆ ಹೋದ ಮೇಲೆ ಏಳುತ್ತದೆ. ಅದನ್ನೆಲ್ಲ ಸಾಗಿಸಿ, ಎರಡು ಕೊಡ ನೀರಿಟ್ಟು, ಕೆಲಸ ಮುಗಿದ ಮೇಲೆಯೂ ಒಂದು ತಾಸು ಅಲ್ಲಿಯೇ ಕುಳಿತೆವು. ಹಳೆಯ ನಳದ ಜಿ.ಐ. ಪೈಪನ್ನು ಬೆಸೆಯಲು ಎತ್ತಿದಾಗ ಕಸಿದುಕೊಂಡರು: ಅದರ ಮೇಲಿನ ಸತು ಉರಿದು ಬರುವ ಬಿಳಿ ಹೊಗೆಯನ್ನು ಕುಡಿದರೆ ರಾತ್ರಿ ಚಳಿಜ್ವರ ಖಂಡಿತ. ಮುಚ್ಚಿದ ಕೋಣೆಯಲ್ಲಿ ಅನಿಲ ತುಂಬಿ ಉಸಿರು ಕಟ್ಟೀತೆಂದೂ, ಬರಿದಾದ ಡೀಜಲ್ ಟಾಕಿಯನ್ನು ಯಾರು ಎಷ್ಟು ಬೇಡಿಕೊಂಡರೂ ಮುಟ್ಟಬಾರದೆಂದೂ ಅಳಿಯ ಫೋನಿನಲ್ಲಿ ಸೇರಿಸಿದ. ಪೆನ್ನಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಇಷ್ಟಾದ ಮೇಲೆ ನನ್ನ ಹನ್ನೊಂದನೆಯ ತುಂಡಿನ ಧೈರ್ಯದಿಂದ ಕೊಂಡಿಯನ್ನು ಮತ್ತೆ ಬೆಸೆಯಲು ಹೊರಟೆ. ಮುತ್ಯಾ ತಡೆದರು. “ಮ್ಯಾಲೆ ಕೂಸಿನ ಜೀವ ಇರ್ತೈತಿ. ನಿಮ್ಮ ಬೆಸಗಿ ಒಂದನ್ನ ನಂಬಬ್ಯಾಡ್ರಿ.” ಮನಸ್ಸಿಗೆ ತುಸು ನೋವಾಯಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಘಟಪ್ರಭಾ ಸ್ಟೇಶನ್ನಿನ ಹತ್ತಿರದ ಅಂಗಡಿಯಿಂದ ಕೊಳವೆಯನ್ನು ಪೂರ್ತಿ ಬಳಸಿ ಬರುವ ಎರಡು ದಪ್ಪ ಯೂ-ಬೋಲ್ಟುಗಳನ್ನು ತಂದು, ಜೋಡಿ ನಟ್ಟು ಹಾಕಿ ಬಿಗಿದೆವು. ಹಗ್ಗದ ಭಾರವೆಲ್ಲ ಅವುಗಳ ಮೇಲೆ. ಬೋಲ್ಟುಗಳು ಅತ್ತಿತ್ತ ಸರಿಯದಂತೆ ಕೊಳವೆಗೆ ನಾಲ್ಕು ಸಣ್ಣ ತುಂಡುಗಳನ್ನು ಇಡುವ ಕೆಲಸ ನನ್ನ ಬೆಸುಗೆಗೆ ದೊರೆಯಿತು.

ಪಂಚಮಿಯ ಹಿಂದಿನ ರಾತ್ರಿ ಎರಡು ಕ್ವಿಂಟಲ್ ಜೋಳದ ಚೀಲಗಳನ್ನು ಹಲಗೆಗೆ ಕಟ್ಟಿ ಜೋತುಬಿಟ್ಟೆವು. ಬೆಳಗಿನವರೆಗೆ ಅವು ತೂಗುತ್ತಲೇ ಇದ್ದವು. ಮಗಳು ಹೊಸ ಲಂಗ ಉಟ್ಟು, ಕೈಯಲ್ಲಿ ಉಂಡಿ ಹಿಡಿದು ಓಡಿ ಬಂದಳು. ಮುತ್ಯಾ ಹಗ್ಗಕ್ಕೆ ಕೈ ಅಡ್ಡ ಇಟ್ಟು ನನ್ನ ಕಡೆಗೆ ನೋಡಿದರು.

“ಮೊದಲ ನೀವು ಕುಂದರ್ರಿ, ಮಾಸ್ತರ.”

ಕುಳಿತೆ. ಓಣಿಯ ಆ ಮೂವರು ಹುಡುಗರೇ ಹಿಂದಿನಿಂದ ನೂಕಿದರು.