ನಿಮಗಿದು ಗೊತ್ತೆ? ವಿವೇಕಕ್ಕೂ ಅನ್ಯಾಯಕ್ಕೂ ಒಂದೇ ಪದ!
ಇಂಗ್ಲಿಷಿನ ‘ಡಿಸ್ಕ್ರಿಮಿನೇಷನ್’ ಎಂದೊಡನೆ ನೆನಪಾಗುವುದು ಜಾತಿ, ಜನಾಂಗ, ಲಿಂಗ ನೋಡಿ ಎಸಗುವ ಅನ್ಯಾಯ. ನಮ್ಮ ಸಂವಿಧಾನದ 15ನೇ ವಿಧಿ ನಿಷೇಧಿಸುವುದೂ ಅದನ್ನೇ. ಆದರೆ ಅದರ ಲ್ಯಾಟಿನ್ ಮೂಲಕ್ಕೆ ‘ಬೇರ್ಪಡಿಸು’ ಎಂದಷ್ಟೇ ಅರ್ಥ. ಹಾಗಾಗಿಯೇ ಒಳ್ಳೆಯದು ಯಾವುದು, ಕಳಪೆ ಯಾವುದು ಎಂದು ಗುರುತಿಸಬಲ್ಲ ರಸಿಕನನ್ನು ಇಂಗ್ಲಿಷಿನಲ್ಲಿ ಈಗಲೂ ‘ಡಿಸ್ಕ್ರಿಮಿನೇಟಿಂಗ್’ ಎಂದು ಹೊಗಳುತ್ತಾರೆ. ಸಂಸ್ಕೃತದ ವೇದಾಂತ ಗ್ರಂಥ ‘ವಿವೇಕಚೂಡಾಮಣಿ’ಯ 1947ರ ಇಂಗ್ಲಿಷ್ ಅನುವಾದದ ಹೆಸರಿನಲ್ಲಿ ‘ವಿವೇಕ’ದ ಜಾಗದಲ್ಲಿ ನಿಂತದ್ದು ಇದೇ ‘ಡಿಸ್ಕ್ರಿಮಿನೇಷನ್’! ಇನ್ನೂ ಸೊಗಸೆಂದರೆ, ಕನ್ನಡದಲ್ಲೂ ಇಂಥದ್ದೊಂದು ಪದವಿದೆ: ‘ತಾರತಮ್ಯ’. ‘ಹೆಚ್ಚು’, ‘ಅತಿ ಹೆಚ್ಚು’ ಎಂದು ಸೂಚಿಸುವ ಸಂಸ್ಕೃತದ ‘ತರ’, ‘ತಮ’ ಪ್ರತ್ಯಯಗಳಿಂದ ಹುಟ್ಟಿದ್ದು. ತಾರತಮ್ಯ ಮಾಡುವವನು ಅನ್ಯಾಯಗಾರ. ತಾರತಮ್ಯಜ್ಞಾನ ಇಲ್ಲದವನು ಅವಿವೇಕಿ.